ಎಲ್ಕ್ ಸಿಗೋದು ಆಮೇಲೆ, ಮೊದಲು ದಾರಿ ಸಿಗಬೇಕು

ನಾನು ಬೇಟೆ ಕಲಿತಿದ್ದು ಅಮೆರಿಕದ ಡೆನ್ವರ್‌ಗೆ ಬಂದ ಮೇಲೆ. ಊರಲ್ಲಿ ಅದರ ಮಾತೇ ಇರಲಿಲ್ಲ, 1972ರ ವನ್ಯಜೀವಿ ಕಾಯ್ದೆ ನಾನು ಹುಟ್ಟೋ ಮೊದಲೇ ಬಂದಿತ್ತು. ಇಲ್ಲಿ ಕೊಲೊರಾಡೊದಲ್ಲಿ ತರಬೇತಿ ಮುಗಿಸಿ ಲೈಸೆನ್ಸ್ ತಗೊಂಡರೆ, ನನ್ನಂಥವನೂ ಸರ್ಕಾರಿ ಕಾಡಿಗೆ ಹೋಗಿ ವರ್ಷಕ್ಕಾಗುವಷ್ಟು ಮಾಂಸ ಮನೆಗೆ ತರಬಹುದು. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅನ್ನಿ. ದೊಡ್ಡ ಗಂಡು 300 ಕಿಲೋ ದಾಟುತ್ತದೆ.

ಮೊದಲ ವರ್ಷ ನಾನು ಮತ್ತು ಗೆಳೆಯ ಮ್ಯಾಪ್‌ನಲ್ಲಿ ಹಸಿರು ಬಣ್ಣ ನೋಡಿ ಹೊರಟೆವು. ಹಸಿರು ಅಂದರೆ ರಾಷ್ಟ್ರೀಯ ಅರಣ್ಯ, ಎಲ್ಲರದ್ದೂ, ಅಲ್ವಾ? ನಾಲ್ಕು ಗಂಟೆ ಕಾರು ಓಡಿಸಿ ಕತ್ತಲಲ್ಲಿ ತಲುಪಿದರೆ ಮಣ್ಣು ರಸ್ತೆಗೆ ಅಡ್ಡ ಒಂದು ಗೇಟು, ಸರಪಳಿ, ಬೀಗ. ಆಚೆಗೆ ಅರ್ಧ ಮೈಲಿ ಖಾಸಗಿ ರ‍್ಯಾಂಚ್, ಅದರ ಹಿಂದೆ ನಮ್ಮ ಹಸಿರು ಕಾಡು. ಆ ರಾತ್ರಿ ಕಾರಲ್ಲೇ ಮಲಗಿ ಬೆಳಿಗ್ಗೆ ವಾಪಸ್ ಬಂದೆವು. ನೆಲ ಸರ್ಕಾರದ್ದಾದರೆ ಸಾಲದು, ಅಲ್ಲಿಗೆ ಹೋಗೋ ದಾರಿಯೂ ಎಲ್ಲರದ್ದಾಗಿರಬೇಕು.

ಮ್ಯಾಪ್‌ನಲ್ಲಿ ಹಳದಿ ಅಂದರೆ ಬಿಎಲ್‌ಎಂ ಜಾಗ, ಅಂದರೆ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಸಂಸ್ಥೆಯದ್ದು, ಅದೂ ಸಾರ್ವಜನಿಕ. ನೀಲಿ ಅಂದರೆ ರಾಜ್ಯದ ಜಾಗ, ಆದರೆ ಕೊಲೊರಾಡೊದಲ್ಲಿ ಅದರಲ್ಲಿ ಎಲ್ಲವೂ ಬೇಟೆಗೆ ತೆರೆದಿಲ್ಲ. ಬಿಳಿ ಖಾಸಗಿ. ಅಲ್ಲಿ ಬೋರ್ಡು, ಬೇಲಿ ಏನೂ ಇಲ್ಲದಿದ್ದರೂ ಮಾಲೀಕರನ್ನು ಕೇಳದೆ ಬೇಟೆಗೆ ಕಾಲಿಡುವಂತಿಲ್ಲ. ಹಳದಿ, ಬಿಳಿ ಚೌಕಗಳು ಚದುರಂಗದ ಮಣೆ ಥರ ಬಂದರೆ ಇನ್ನೂ ಕಷ್ಟ, ಖಾಸಗಿ ಬಿಳಿ ಮುಟ್ಟದೆ ಒಂದು ಹಳದಿ ಚೌಕದ ಮೂಲೆಯಿಂದ ಇನ್ನೊಂದರ ಮೂಲೆಗೆ ದಾಟಬೇಕು. 2021ರಲ್ಲಿ ಪಕ್ಕದ ವಯೋಮಿಂಗ್ ರಾಜ್ಯದಲ್ಲಿ ನಾಲ್ಕು ಜನ ಬೇಟೆಗಾರರು ಏಣಿ ಇಟ್ಟು ಹೀಗೆ ದಾಟಿದ್ದಕ್ಕೆ ಕೇಸು ಬಿತ್ತು. ಖಾಸಗಿ ನೆಲ ಮುಟ್ಟದೆ ದಾಟಿದರೆ ತಪ್ಪಲ್ಲ ಅಂತ 2025ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು. ನನಗೆ ನಿಜಕ್ಕೂ ಖುಷಿಯಾಯಿತು. ಆದರೂ ಹೊಸಬರು ಅಂಥ ಜಾಗದಿಂದ ಶುರು ಮಾಡಬೇಡಿ.

ಈಗ ನಾನು ಮೊದಲು ನೋಡೋದು ಅರಣ್ಯ ಇಲಾಖೆ ಉಚಿತವಾಗಿ ಕೊಡುವ ವಾಹನ ರಸ್ತೆಗಳ ಮ್ಯಾಪ್. ಯಾವ ರಸ್ತೆ ಯಾವ ತಿಂಗಳು ತೆರೆದಿರುತ್ತದೆ, ಯಾವ ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಟೆಂಟ್ ಹಾಕಬಹುದು ಅಂತ ಅದರಲ್ಲೇ ಇದೆ. ಸಾಮಾನ್ಯವಾಗಿ 14 ದಿನ ಇರಬಹುದು. ಆಮೇಲೆ ಅಲ್ಲಿನ ರೇಂಜರ್ ಕಚೇರಿಗೆ ಒಂದು ಫೋನ್. ಹಿಮ ಬಿದ್ದಿದೆಯಾ, ಗೇಟು ತೆಗೆದಿದೆಯಾ, ಬೆಂಕಿ ಹಾಕಬಹುದಾ, ಇಷ್ಟು ಕೇಳಿದರೆ ಸಾಕು.

ಟೆಂಟ್ ವಿಷಯದಲ್ಲಿ ನಾವು ಮಾಡಿದ ತಪ್ಪು ಹೇಳುತ್ತೇನೆ. ಎರಡನೇ ವರ್ಷ ತೊರೆ ಪಕ್ಕದ ಚೆಂದದ ಹುಲ್ಲುಗಾವಲಲ್ಲಿ ಹಾಕಿದೆವು. ತಣ್ಣನೆ ಗಾಳಿ ರಾತ್ರಿ ಇಳಿದು ತಗ್ಗಿಗೇ ಬಂದು ಕೂರುತ್ತದೆ. ಬೆಳಿಗ್ಗೆ ಎದ್ದರೆ ಟೆಂಟ್ ಒಳಗೆಲ್ಲ ಬಿಳಿ ಹಿಮದ ಪುಡಿ, ಬೂಟಿನ ಲೇಸು ಕಡ್ಡಿ ಥರ ಸೆಟೆದಿತ್ತು, ಉಸಿರು ತಾಗಿದ ಕಡೆಯೆಲ್ಲ ಹನಿ ಮಲಗೋ ಚೀಲದ ಮೇಲೆ ಬೀಳುತ್ತಿತ್ತು. ಎಲ್ಕ್‌ಗಳೂ ನೀರಿಗೆ ಬರುವ ಜಾಗ ಅದು, ನಮ್ಮ ವಾಸನೆಗೆ ಒಂದೂ ಬರಲಿಲ್ಲ. ಈಗ ನೀರಿನಿಂದ 200 ಅಡಿಗಿಂತ ದೂರ, ಸ್ವಲ್ಪ ಮೇಲೆ, ಹಸಿರು ಮರಗಳ ನಡುವೆ ಹಾಕುತ್ತೇವೆ. ಹಾಕುವ ಮೊದಲು ತಲೆ ಎತ್ತಿ ನೋಡಿ. ಇಲ್ಲಿ ತೊಗಟೆ ಹುಳು ಕೊಂದ ಒಣಮರ ಜಾಸ್ತಿ, ಗಾಳಿಗೆ ಸದ್ದಿಲ್ಲದೆ ಬೀಳುತ್ತವೆ. ಕರಡಿಗಳಿವೆ, ಊಟದ ಸಾಮಾನು ಟೆಂಟಲ್ಲಿ ಬೇಡ.

ಇನ್ನೊಂದು ಲೆಕ್ಕ ಮರೆಯಬೇಡಿ. ಮೂಳೆ ಬಿಡಿಸಿದರೂ ಒಂದು ಗಂಡು ಎಲ್ಕ್‌ನಿಂದ ಸುಮಾರು 90 ಕಿಲೋ ಮಾಂಸ ಬರುತ್ತದೆ. ವಿಲ್ಡರ್ನೆಸ್ ಅಂತ ಗುರುತಿಸಿದ ಕಾಡಲ್ಲಿ ತಳ್ಳುಗಾಡಿಗೂ ಅನುಮತಿ ಇಲ್ಲ. ಎಲ್ಲ ಬೆನ್ನ ಮೇಲೇ, ಒಬ್ಬರಿಗೆ ನಾಲ್ಕು ಸಲವಾದರೂ ಹೋಗಿ ಬರಬೇಕು. ಅದಕ್ಕೇ ಕಾರಿನಿಂದ ಎರಡು ಮೈಲಿ ದಾಟಿ ನಾವು ಬೇಟೆಗೆ ಹೋಗಲ್ಲ.

ಆಗಸ್ಟ್‌ನಲ್ಲಿ ಒಂದು ವಾರಾಂತ್ಯ ಬರೀ ದಾರಿ ನೋಡಲು ಇಲ್ಲಿನ ಫ್ಲಾಟ್ ಟಾಪ್ಸ್ ಅನ್ನೋ ಗುಡ್ಡಗಾಡಿನ ಕಡೆ ಹೋಗುತ್ತಿದ್ದೇವೆ. ಡೆನ್ವರ್ ಸುತ್ತಮುತ್ತ ಇರುವ ಹೊಸಬರು ಬರುವುದಾದರೆ ಹೇಳಿ, ಕಾರಲ್ಲಿ ಎರಡು ಸೀಟು ಖಾಲಿ ಇದೆ.