ಹೈಕೋರ್ಟು ತಹಸೀಲ್ದಾರರ ಕುರ್ಚಿಯಲ್ಲಿ ಕೂರುವುದಿಲ್ಲ

ಧಾರವಾಡದ ಹೈಕೋರ್ಟ್ ಪೀಠದಲ್ಲಿ ನಾನು ಜಾಸ್ತಿ ನಡೆಸುವುದು ರಿಟ್ ಅರ್ಜಿಗಳನ್ನು. ಸರ್ಕಾರಿ ಕಚೇರಿಯ ಆದೇಶ ಕಾನೂನಿಗೆ ವಿರುದ್ಧವಾಗಿದೆ ಅಂತ ಸಂವಿಧಾನದ 226ನೇ ವಿಧಿಯಡಿ ಹೋಗುವ ಕೆಲಸ. ಹೊಸದಾಗಿ ಬರುವ ಜೂನಿಯರ್‌ಗಳಿಗೆ ನಾನು ಮೊದಲು ಹೇಳುವುದು ಇಷ್ಟು: ಕಕ್ಷಿದಾರರಿಗೆ ಅನ್ಯಾಯ ಆಗಿದೆಯಾ ಅಂತ ನೋಡುವಾಗಲೇ, ಈ ತೀರ್ಮಾನ ಮಾಡುವ ಅಧಿಕಾರ ಕಾನೂನು ಯಾರಿಗೆ ಕೊಟ್ಟಿದೆ ಅಂತಲೂ ನೋಡಿ. ನ್ಯಾಯಮೂರ್ತಿಗಳು ನಿಮ್ಮನ್ನು ಮೊದಲು ಕೇಳುವುದು ಅದನ್ನೇ.

ಒಂದು ಕೇಸು ಹೇಳುತ್ತೇನೆ. ಗಂಡ ತೀರಿಕೊಂಡ ಮೇಲೆ ಒಬ್ಬ ತಾಯಿ ಪಹಣಿಯಲ್ಲಿ ತಮ್ಮ ಹೆಸರು ಸೇರಿಸಲು ಅರ್ಜಿ ಕೊಟ್ಟಿದ್ದರು. ತಹಸೀಲ್ದಾರರ ಕಚೇರಿಯಿಂದ ಹಿಂಬರಹ, ಅಂದರೆ ಲಿಖಿತ ಉತ್ತರ, ಬಂತು: ದಾಖಲೆ ಸಮರ್ಪಕವಾಗಿಲ್ಲದ ಕಾರಣ ಅರ್ಜಿ ತಿರಸ್ಕರಿಸಿದೆ. ಅಷ್ಟೇ. ಯಾವ ದಾಖಲೆ, ಏನು ಕೊರತೆ, ಒಂದು ಸಾಲೂ ಇಲ್ಲ. ಕರೆದು ಕೇಳಿದ್ದೂ ಇಲ್ಲ. ಕೋರ್ಟಿನಲ್ಲಿ ಸರ್ಕಾರಿ ವಕೀಲರು ಎದ್ದು, ಭೂಕಂದಾಯ ಕಾಯ್ದೆಯ 136ನೇ ಕಲಂ ಪ್ರಕಾರ ಅಸಿಸ್ಟೆಂಟ್ ಕಮಿಷನರ್ ಹತ್ತಿರ ಮೇಲ್ಮನವಿ ಹಾಕಿಕೊಳ್ಳಲಿ ಅಂದರು. ಕಾರಣವನ್ನೇ ಬರೆಯದ ಆದೇಶದ ಮೇಲೆ ಮೇಲ್ಮನವಿಯಲ್ಲಿ ಏನಂತ ವಾದಿಸುವುದು ಅಂತ ನಾವು ಕೇಳಿದೆವು. ನ್ಯಾಯಮೂರ್ತಿಗಳು ಒಪ್ಪಿದರು. ಹಿಂಬರಹ ರದ್ದಾಯಿತು. ನೋಟಿಸ್ ಕೊಟ್ಟು, ಅವರ ಮಾತು ಕೇಳಿ, ಕಾರಣ ಬರೆದು ಹೊಸದಾಗಿ ತೀರ್ಮಾನಿಸಿ ಅಂತ ಕಡತ ಮತ್ತೆ ತಹಸೀಲ್ದಾರರಿಗೇ ಹೋಯಿತು.

ಹೊರಗೆ ಬಂದ ಮೇಲೆ ಆ ತಾಯಿಯ ಮಗ ಕೇಳಿದ: 'ವಕೀಲ್ರ, ಗೆದ್ದೀವಿ ಅಂತೀರಿ. ಮತ್ತ ಅದೇ ಆಫೀಸಿಗೆ ಹೋಗ್ರಿ ಅಂತೀರಲ್ರಿ?'

ಕೇಳಬೇಕಾದ ಪ್ರಶ್ನೆಯೇ. ಹೈಕೋರ್ಟಿಗೆ ಇಷ್ಟು ದೊಡ್ಡ ಅಧಿಕಾರ ಇರುವಾಗ ಪಹಣಿಯಲ್ಲಿ ಹೆಸರು ಸೇರಿಸಿ ಅಂತ ನೇರವಾಗಿ ಯಾಕೆ ಹೇಳಬಾರದು? ನಾನು ಹೇಳಿದ್ದು ಹೀಗೆ: ದಾಖಲೆ ನೋಡುವುದು, ತಕರಾರು ಇದ್ದವರನ್ನು ಕರೆಯುವುದು ಶಾಸಕಾಂಗ ಕಂದಾಯ ಅಧಿಕಾರಿಗೆ ಒಪ್ಪಿಸಿದ ಕೆಲಸ. ಜಮೀನು ಯಾರದು ಅನ್ನುವುದೇ ಜಗಳವಾದರೆ ಅದು ತಹಸೀಲ್ದಾರರದ್ದೂ ಅಲ್ಲ, ಸಿವಿಲ್ ಕೋರ್ಟಿನದ್ದು. ಸಾಮಾನ್ಯವಾಗಿ ರಿಟ್‌ನಲ್ಲಿ ಹೈಕೋರ್ಟು ನೋಡುವುದು ಅಧಿಕಾರಿ ಆ ಕೆಲಸವನ್ನು ಕಾನೂನಿನ ದಾರಿಯಲ್ಲಿ ಮಾಡಿದ್ದಾರಾ ಅಂತ.

ಇದು ಬರೀ ಪಹಣಿ ಕೇಸಿನ ಮಾತಲ್ಲ. ಒಂದು ಸರ್ಕಾರವೇ ಬಿದ್ದಾಗಲೂ ಸುಪ್ರೀಂ ಕೋರ್ಟ್ ನಡೆದದ್ದು ಇದೇ ದಾರಿಯಲ್ಲಿ, ಅದೂ ನಮ್ಮ ರಾಜ್ಯದ ಕೇಸಿನಲ್ಲೇ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಅನ್ನುವ ಪತ್ರಗಳ ಆಧಾರದ ಮೇಲೆ ರಾಜ್ಯಪಾಲರು ರಾಷ್ಟ್ರಪತಿಗೆ ವರದಿ ಕಳಿಸಿದರು. ಅವರಲ್ಲಿ ಏಳು ಜನ ಮರುದಿನವೇ ನಾವು ಸರ್ಕಾರದ ಜೊತೆಗಿದ್ದೇವೆ ಅಂತ ಬರೆದುಕೊಟ್ಟರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂತ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಹೇಳಿದರು. ಆದರೂ ಏಪ್ರಿಲ್ 21ಕ್ಕೆ, ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯಡಿ ಸರ್ಕಾರ ವಜಾ ಆಯಿತು. ಹೈಕೋರ್ಟಿನಲ್ಲಿ ಅವರ ಅರ್ಜಿ ಬಿದ್ದುಹೋಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಯಾರಿಗಿದೆ ಅಂತ ಕೋರ್ಟ್ ತಾನೇ ಲೆಕ್ಕ ಹಾಕಲಿಲ್ಲ. ಲೆಕ್ಕ ಹಾಕಬೇಕಾದ ಜಾಗ ವಿಧಾನಸಭೆ, ರಾಜಭವನ ಅಲ್ಲ ಅಂದಿತು. ಕೇಂದ್ರದ ಆ ಆದೇಶ ಸಂವಿಧಾನಬಾಹಿರ ಅಂತಲೂ ಹೇಳಿತು.

ಆದರೆ ಅಷ್ಟೊತ್ತಿಗೆ ಸುಮಾರು ಐದು ವರ್ಷ ಕಳೆದಿತ್ತು. 1989ರಲ್ಲೇ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಿತ್ತು. ಬೊಮ್ಮಾಯಿಯವರಿಗೆ ಸರ್ಕಾರ ವಾಪಸ್ ಸಿಗಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ. ಆ ತೀರ್ಪಿನ ನಿಜವಾದ ಫಲ ಕಂಡದ್ದು 2018ರಲ್ಲಿ. ಬಹುಮತ ಸಾಬೀತಿಗೆ ರಾಜ್ಯಪಾಲರು ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ನಡುರಾತ್ರಿ ಕೂತು ಕೇಸು ಕೇಳಿತು, ಮೇ 19ಕ್ಕೇ ಸದನದಲ್ಲಿ ಮತಕ್ಕೆ ಹಾಕಿ ಅಂತ ಆದೇಶಿಸಿತು. ಮತದಾನಕ್ಕೆ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಯಾರ ಕೆಲಸ ಯಾರದು ಅನ್ನುವ ಈ ಗೆರೆ ಶಾಸಕಾಂಗಕ್ಕೂ ಇದೆ. 1991ರಲ್ಲಿ ಕಾವೇರಿ ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ನೀರು ಬಿಡಿ ಅಂತ ಮಧ್ಯಂತರ ಆದೇಶ ಕೊಟ್ಟಾಗ, ನಮ್ಮ ರಾಜ್ಯ ಅದನ್ನು ದಾಟಲು ಸುಗ್ರೀವಾಜ್ಞೆ ತಂದಿತು. ಅದು ರಾಜ್ಯದ ಶಾಸನಾಧಿಕಾರದ ಆಚೆಗಿನದು ಅಂತ ಸುಪ್ರೀಂ ಕೋರ್ಟ್ ಅದೇ ನವೆಂಬರ್‌ನಲ್ಲಿ ಅಭಿಪ್ರಾಯ ಕೊಟ್ಟಿತು. ನಮ್ಮ ರೈತರ ಕಷ್ಟ ಬಲ್ಲವನಾಗಿ ನನಗೆ ಆ ಆದೇಶ ಕಹಿ. ಆದರೂ ತನ್ನದೇ ಕೇಸಿಗೆ ತಾನೇ ತೀರ್ಪು ಬರೆದುಕೊಳ್ಳಲು ಯಾವ ಸರ್ಕಾರಕ್ಕೂ ಬಿಡಬಾರದು ಅಂತ ನಂಬಿದ್ದೇನೆ.

ಕೇಂದ್ರದ ಕಾನೂನಿಗೆ ಒಂದು ಕೋರ್ಟು, ರಾಜ್ಯದ ಕಾನೂನಿಗೆ ಇನ್ನೊಂದು ಅಂತ ನಮ್ಮಲ್ಲಿ ಇಲ್ಲ. ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರು ಎರಡನ್ನೂ ನೋಡುತ್ತಾರೆ. ಹೈಕೋರ್ಟ್ ನ್ಯಾಯಮೂರ್ತಿಗಳನ್ನು ನೇಮಿಸುವುದು ರಾಷ್ಟ್ರಪತಿ. ಸಂಬಳ ರಾಜ್ಯದ ಖಜಾನೆಯಿಂದ, ಪಿಂಚಣಿ ಕೇಂದ್ರದಿಂದ. ಆ ಸಂಬಳದ ಮೇಲೆ ವಿಧಾನಸಭೆ ಚರ್ಚೆ ಮಾಡಬಹುದು, ಮತಕ್ಕೆ ಹಾಕುವಂತಿಲ್ಲ. ತಾಲ್ಲೂಕು, ಜಿಲ್ಲಾ ಕೋರ್ಟುಗಳ ಮೇಲಿನ ಹಿಡಿತವನ್ನು 235ನೇ ವಿಧಿ ಹೈಕೋರ್ಟಿಗೆ ಕೊಟ್ಟಿದೆ. ಇಷ್ಟೆಲ್ಲ ಇರುವುದರಿಂದಲೇ ಸರ್ಕಾರದ ವಿರುದ್ಧ ಕೇಸು ಹಾಕಿದ ಆ ತಾಯಿಯ ಮಾತು ಧೈರ್ಯವಾಗಿ ಕೇಳುವವರು ಸಿಕ್ಕಿದ್ದು.

ಹಾಗಾಗಿ ಜೂನಿಯರ್‌ಗಳೇ, ಅರ್ಜಿಯ ಕೊನೆಯಲ್ಲಿ ಏನು ಕೇಳುತ್ತೀರೋ ಅದನ್ನು ಯೋಚಿಸಿ ಬರೆಯಿರಿ. ಆದೇಶ ರದ್ದು ಮಾಡಿ ಅಂದು ಸುಮ್ನೆ ನಿಲ್ಲಿಸಬೇಡಿ. ಹೊಸ ತೀರ್ಮಾನ ಯಾರು, ಯಾವ ಕಲಂ ಅಡಿ, ಎಷ್ಟು ವಾರದೊಳಗೆ ಮಾಡಬೇಕು ಅನ್ನುವುದನ್ನೂ ಕೇಳಿ. ಗಡುವು ಇಲ್ಲದ ಆದೇಶ ಕಡತದಲ್ಲೇ ಕೊಳೆಯುತ್ತದೆ. ನಕಲು ಸಿಕ್ಕ ಕೂಡಲೇ ಕಚೇರಿಗೆ ಕೊಟ್ಟು, ಸೀಲು ದಿನಾಂಕದೊಂದಿಗೆ ಸ್ವೀಕೃತಿ ತಗೊಳ್ಳಿ. ಗಡುವು ಮೀರಿದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಲು 1971ರ ಕಾಯ್ದೆಯ 20ನೇ ಕಲಂ ಕೊಡುವುದು ಒಂದೇ ವರ್ಷ.