ಐವತ್ತರ ಮೇಲೆ ಮತ್ತೆ ಗೇರ್ ಗಾಡಿ

ಬನಶಂಕರಿಯಲ್ಲಿ ಮನೆ, ಬೆಳ್ಳಂದೂರಿನಲ್ಲಿ ಆಫೀಸು. ಇಷ್ಟು ಹೇಳಿದರೆ ಬೆಂಗಳೂರಿನವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಹದಿನಾಲ್ಕು–ಹದಿನೈದು ಕಿಲೋಮೀಟರಿಗೆ ಸಂಜೆ ಹೊತ್ತು ಕಾರಿನಲ್ಲಿ ಒಂದೂವರೆ ಗಂಟೆ, ಮಳೆ ಬಂದರೆ ದೇವರೇ ಗತಿ. ಹಳದಿ ಮೆಟ್ರೊ 2025ರ ಆಗಸ್ಟ್‌ನಲ್ಲಿ ಶುರುವಾಯಿತು ನಿಜ. ಆದರೆ ಅದು ಸಿಲ್ಕ್ ಬೋರ್ಡ್ ದಾಟಿ ಬೊಮ್ಮಸಂದ್ರದ ಕಡೆ ಹೋಗುತ್ತದೆ, ನಾನು ತಿರುಗಬೇಕಾದದ್ದು ರಿಂಗ್ ರೋಡಿಗೆ. ಅಲ್ಲಿ ಆಗಿನ್ನೂ ಬರೀ ಕಂಬ, ಬ್ಯಾರಿಕೇಡು, ಧೂಳು.

ಹೀಗಾಗಿ ಬೈಕು. ಇದು ಎಲ್ಲರಿಗೂ ಹೇಳುವ ಕಾರಣ. ಆಸೆ ಅದಕ್ಕಿಂತ ತುಂಬಾ ಹಳೆಯದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಹತ್ತಿರ ಯಮಹಾ ಆರ್‌ಎಕ್ಸ್ 100 ಬೈಕ್ ಇತ್ತು. 1985ರಲ್ಲಿ ಬಂದು 1996ರಲ್ಲಿ ನಿಂತುಹೋದ ಗಾಡಿ. 98 ಸಿಸಿ, ನಾಲ್ಕು ಗೇರು, ಸೆಲ್ಫ್ ಗಿಲ್ಫ್ ಏನೂ ಇಲ್ಲ, ಕಿಕ್ ಹೊಡೆಯಬೇಕು. ತೂಕ ನೂರು ಕೆ.ಜಿ. ಆಸುಪಾಸು, ಅಂದರೆ ಇಕ್ಕಟ್ಟಾದ ಗಲ್ಲಿಯಲ್ಲಿ ಹಿಂದಿನ ಚಕ್ರ ಎತ್ತಿ ತಿರುಗಿಸಿ ಇಡುವಷ್ಟು ಹಗುರ. ಸ್ಪೀಡೋಮೀಟರ್ ಕೇಬಲ್ ಕಿತ್ತುಹೋಗಿ ಎಷ್ಟೋ ಕಾಲ ಆಗಿತ್ತು, ಹಾಕಿಸಬೇಕು ಅಂತ ಅನ್ನಿಸಿದ್ದೂ ಇಲ್ಲ. ಯಾಕೆಂದರೆ ಟೂ ಸ್ಟ್ರೋಕ್ ಗಾಡಿಯನ್ನು ಓಡಿಸುವುದು ಕಿವಿಯಲ್ಲಿ. ಇಂಜಿನ್ ಕಿರುಚಿದರೆ ಮೇಲಿನ ಗೇರು, ಗೊಣಗಿದರೆ ಕೆಳಗಿನದು, ಅಷ್ಟೇ. ಪೆಟ್ರೋಲಿನ ಜೊತೆ ಉರಿಯುವ 2ಟಿ ಆಯಿಲಿನ ವಾಸನೆ ಶರ್ಟಿನಿಂದ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಮದುವೆ ಆಯಿತು, ಮಗಳು ಹುಟ್ಟಿದಳು, ಕಾರು ಬಂತು, ಗಾಡಿ ಯಾರಿಗೋ ಹೋಯಿತು. ಈಗ ಅಂಥ ಹಳೇ ಗಾಡಿಗೇ ಲಕ್ಷದ ಮೇಲೆ ಹೇಳುತ್ತಾರೆ. ಅದರ ಬಗ್ಗೆ ಜಾಸ್ತಿ ಯೋಚಿಸಬಾರದು.

ಈಗ ತೆಗೆದುಕೊಂಡದ್ದು ರಾಯಲ್ ಎನ್‌ಫೀಲ್ಡ್ ಹಂಟರ್ 350. ತೂಕ 181 ಕೆ.ಜಿ. ಓಡುವಾಗ ಈ ತೂಕ ಗೊತ್ತೇ ಆಗುವುದಿಲ್ಲ, ಗೊತ್ತಾಗುವುದು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಕಂಬಕ್ಕೂ ಪಕ್ಕದವರ ಕಾರಿಗೂ ನಡುವಿಂದ ಹಿಂದಕ್ಕೆ ತಳ್ಳಿ ಹೊರಗೆ ತೆಗೆಯುವಾಗ. ಆ ಕೆಲಸವನ್ನು ಮಾತ್ರ ಯಾವ ಜಾಹೀರಾತಿನಲ್ಲೂ ತೋರಿಸುವುದಿಲ್ಲ. ಶೋರೂಮಿನ ಹುಡುಗ ಕೀ ಕೊಡುತ್ತಾ, "ಬ್ಯಾಕ್ ರೆಸ್ಟ್ ಹಾಕ್ಸಿಬಿಡಿ ಅಂಕಲ್, ಆಂಟಿಗೆ ಆರಾಮಾಗಿರುತ್ತೆ" ಅಂದ. ಅಂಕಲ್ ಅನ್ನಿಸಿಕೊಳ್ಳೋದು ಅಭ್ಯಾಸವಾಗಿದೆ ಬಿಡಿ, ಆದರೆ ಬೈಕಿನ ಮೇಲೆ ಕೂತಾಗ ಸ್ವಲ್ಪ ಚುಚ್ಚುತ್ತದೆ.

ಕಾಲು, ಕೈ ಏನೂ ಮರೆತಿರಲಿಲ್ಲ. ಮೊದಲ ಸಲ ಕ್ಲಚ್ ಬಿಟ್ಟಾಗ ಗಾಡಿ ಮೆತ್ತಗೆ ಹೊರಟಿತು, ನನಗೇ ಆಶ್ಚರ್ಯ. ಕೈಕೊಟ್ಟದ್ದು ಕಣ್ಣು. ನನ್ನದು ಪ್ರೋಗ್ರೆಸಿವ್ ಕನ್ನಡಕ, ಮೇಲುಗಡೆ ದೂರಕ್ಕೆ, ಕೆಳಗಡೆ ಓದೋದಕ್ಕೆ. ತಲೆ ಬಗ್ಗಿಸದೆ ಬರೀ ಕಣ್ಣು ಇಳಿಸಿದರೆ ಮುಂದಿನ ಗುಂಡಿ ಓದುವ ಗಾಜಿನಲ್ಲಿ ಮಸುಕಾಗಿ ಕಾಣುತ್ತದೆ, ಹಂಪು ಇದ್ದದ್ದಕ್ಕಿಂತ ಹತ್ತಿರ ಬಂದುಬಿಡುತ್ತದೆ. ಲೈಸೆನ್ಸ್ ರಿನ್ಯೂ ಮಾಡಿಸುವಾಗ ನಲವತ್ತು ದಾಟಿದವರು ಡಾಕ್ಟರ ಹತ್ತಿರ ಫಾರ್ಮ್ 1ಎ ತುಂಬಿಸಿ ಕೊಡಬೇಕು, ಅದರಲ್ಲಿ ಕಣ್ಣಿನ ವಿಷಯವೂ ಇದೆ. ಗೋಡೆ ಮೇಲಿನ ಅಕ್ಷರ ಸರಾಗವಾಗಿ ಓದಿ ಪಾಸಾಗಿದ್ದೆ. ರಿಂಗ್ ರೋಡಿನ ಗುಂಡಿ ಗೋಡೆ ಮೇಲೆ ಇರಲ್ಲ ಅಲ್ವಾ? ಕೊನೆಗೆ ಗಾಡಿಗೆಂದೇ ಬರೀ ದೂರ ನೋಡುವ ಇನ್ನೊಂದು ಕನ್ನಡಕ ಮಾಡಿಸಿದೆ. ಫುಲ್ ಫೇಸ್ ಹೆಲ್ಮೆಟ್ಟಿನೊಳಗೆ ಅದರ ಕಡ್ಡಿ ತೂರಿಸೋದು ಇನ್ನೊಂದು ಕಥೆ. ಮೊದಲು ಹೆಲ್ಮೆಟ್, ಆಮೇಲೆ ಕನ್ನಡಕ. ತೆಗೆಯುವಾಗ ಉಲ್ಟಾ.

ಅಂತೂ ಆಗ ಕಿವಿಯಿಂದ ಓಡಿಸುತ್ತಿದ್ದವನು ಈಗ ಕಣ್ಣಿಂದ ಓಡಿಸುತ್ತಿದ್ದೇನೆ. ಆಟೋದವರ ಇಂಡಿಕೇಟರ್ ನಂಬುವುದಿಲ್ಲ, ಮುಂದಿನ ಚಕ್ರ ಯಾವ ಕಡೆ ತಿರುಗಿದೆ ಅಂತ ನೋಡುತ್ತೇನೆ. ನಿಂತ ಕಾರಿನೊಳಗೆ ತಲೆ ಅಲ್ಲಾಡಿದರೆ ಬಾಗಿಲು ತೆಗೆಯಬಹುದು ಅಂತ ಲೆಕ್ಕ. ಬ್ರೇಕೂ ಬದಲಾಗಿದೆ. ಆರ್‌ಎಕ್ಸ್‌ಗೆ ಎರಡೂ ಕಡೆ ಡ್ರಮ್ಮು, ನಾವು ಹೆಚ್ಚಾಗಿ ಕಾಲನ್ನೇ ನಂಬುತ್ತಿದ್ದೆವು. ಈಗ 125 ಸಿಸಿ ಮೇಲಿನ ಹೊಸ ಗಾಡಿಗಳಿಗೆಲ್ಲ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಾಕಿದರೂ ಚಕ್ರ ಜಾಮ್ ಆಗದ ವ್ಯವಸ್ಥೆ, ಕಡ್ಡಾಯ, 2019ರಿಂದಲೇ. ಎರಡು ಬೆರಳು ಮುಂದಿನ ಬ್ರೇಕ್ ಮೇಲೆ ಸದಾ ಇರಬೇಕು ಅಂತ ಕೈಗೆ ಕಲಿಸೋದಕ್ಕೆ ಸುಮಾರು ದಿನ ಹಿಡಿಯಿತು. ಎಡಗೈ ಮಣಿಕಟ್ಟು ಮಾತ್ರ ಇನ್ನೂ ದೂರು ಹೇಳುತ್ತದೆ. ಬಿಟಿಎಂ ಹತ್ತಿರ ಸಂಜೆ ಅರ್ಧ ಕ್ಲಚ್ಚಿನಲ್ಲೇ ತೆವಳಿ ನೋಡಿ, ನಿಮಗೂ ಗೊತ್ತಾಗುತ್ತದೆ.

ಈಗ ಆ ದಿನದ ವಿಷಯ. ಏಪ್ರಿಲ್ ಕೊನೆ, ಸಂಜೆ ಆರು ಗಂಟೆ ಸುಮಾರು. ಬೆಳ್ಳಂದೂರು ಬಿಡುವಾಗ ಸೆಕೆ, ಇಬ್ಬಲೂರು ದಾಟುವಾಗ ಗಾಳಿ. ರಸ್ತೆ ಅಂಚಿನಲ್ಲಿ ಹೊಂಗೆ ಹೂವು ಮಂಡಕ್ಕಿ ಚೆಲ್ಲಿದ ಹಾಗೆ ಬಿದ್ದಿತ್ತು, ಗಾಳಿಗೆ ಅದೆಲ್ಲ ಎದ್ದು ವೈಸರ್‌ಗೆ ಬಡಿಯಿತು. ಆಮೇಲೆ ಹನಿ. ಮೊದಲ ಹತ್ತು ನಿಮಿಷದ ಮಳೆ ಬೈಕಿನವರಿಗೆ ಎಲ್ಲಕ್ಕಿಂತ ಕೆಟ್ಟದ್ದು. ತಿಂಗಳುಗಟ್ಟಲೆ ರಸ್ತೆ ಮೇಲೆ ಕೂತ ಎಣ್ಣೆ, ಧೂಳು ಎಲ್ಲ ನೀರಿಗೆ ಎದ್ದು ಜಾರುತ್ತದೆ, ಬಿಳಿ ಪಟ್ಟೆ ಮೇಲೆ ಚಕ್ರ ಹೋದರಂತೂ ಎದೆ ಧಸಕ್ ಅನ್ನುತ್ತದೆ. ಅದರ ಮೇಲೆ ಮೆಟ್ರೊ ಕೆಲಸಕ್ಕೆ ಹಾಸಿದ ಕಬ್ಬಿಣದ ತಗಡು. ಅಗರ ಫ್ಲೈಓವರ್ ಕೆಳಗೆ ಸೇರಿಕೊಂಡೆ.

ಅಲ್ಲಿ ಆಗಲೇ ಒಂದು ಊರೇ ನಿಂತಿತ್ತು. ಡೆಲಿವರಿ ಹುಡುಗರು, ಲ್ಯಾಪ್‌ಟಾಪ್ ಬ್ಯಾಗನ್ನು ಹೊಟ್ಟೆಗೆ ಕಟ್ಟಿಕೊಂಡವರು, ಸ್ಕೂಟಿ ಮೇಲೆ ತಾಯಿ–ಮಗ, ಟಿವಿಎಸ್ ಎಕ್ಸೆಲ್ ತುಂಬ ಸೊಪ್ಪು ಹೇರಿಕೊಂಡ ಅಜ್ಜ. ಹಿಂದೆ ಕಾರುಗಳ ಹಾರ್ನು, ಪೊಲೀಸರ ಸೀಟಿ. ಒಬ್ಬರೂ ಕದಲಲಿಲ್ಲ. ಇಷ್ಟು ವರ್ಷ ನಾನು ಆ ಹಾರ್ನಿನ ಕಡೆಯವನು, ಇವತ್ತು ಈ ಕಡೆ ನಿಂತು ಕೇಳಿಸದವನ ಹಾಗೆ ಆಕಾಶ ನೋಡುತ್ತಿದ್ದೆ.

ಪಕ್ಕದ ಡೆಲಿವರಿ ಹುಡುಗ ಗಾಡಿ ನೋಡಿ, "ಹೊಸಾದೇನ್ರಿ ಸರ?" ಅಂದ. ಕಲಬುರಗಿ ಕಡೆಯವನು. ಬೆಂಗಳೂರಿಗೆ ಬಂದು ಮೂರು ಮಳೆಗಾಲ ಆಯ್ತಂತೆ, ಅವನು ವರ್ಷ ಎಣಿಸುವುದು ಹಾಗೆ. ನನ್ನ ಹತ್ತಿರ ರೈನ್‌ಕೋಟೇ ಇಲ್ಲ ಅಂತ ತಿಳಿದು ನಕ್ಕ. ಮಳೆ ತಗ್ಗಿತು, ಆದರೆ ಮುಂದೆ ಸರ್ವಿಸ್ ರೋಡಿನಲ್ಲಿ ನೀರು ನಿಂತಿತ್ತು. ಎಷ್ಟು ಆಳವೋ ಗೊತ್ತಿಲ್ಲ. ನಾನು ಹಿಂದೆಮುಂದೆ ನೋಡುತ್ತಿದ್ದುದು ಅವನಿಗೆ ಕಂಡಿತು.

"ನೀರ್ ನೋಡಬ್ಯಾಡ್ರಿ ಸರ. ಮುಂದ ಬಸ್ ಹೋಗ್ತದಲ್ಲ, ಅದರ ಗಾಲಿ ಹೋದಲ್ಲೇ ಹೋಗ್ರಿ. ಫಸ್ಟ್ ಗೇರ್‌ನ್ಯಾಗ ಇಡ್ರಿ, ರೇಸ್ ಬಿಡಬ್ಯಾಡ್ರಿ. ಬಿಟ್ರಿ ಅಂದ್ರ ಸೈಲೆನ್ಸರ್‌ನ್ಯಾಗ ನೀರ್ ಹೋಗ್ತದ."

ಬಸ್ಸು ಬಂತು. ಅವನು ಅದರ ಹಿಂದೆ, ನಾನು ಅವನ ಹಿಂದೆ. ವೈಸರ್ ಒಳಗಡೆ ಉಸಿರಿನ ಮಂಜು, ಕನ್ನಡಕದ ಮೇಲೆ ಇನ್ನೊಂದು ಪದರ. ಹೊಸ ಕನ್ನಡಕವೂ ಉಪಯೋಗಕ್ಕಿಲ್ಲ, ಲೆಕ್ಕಾಚಾರವೂ ಇಲ್ಲ, ಕಂಡದ್ದು ಅವನ ಹಿಂದಿನ ಕೆಂಪು ದೀಪ ಒಂದೇ. ನೀರು ಫುಟ್‌ರೆಸ್ಟ್ ಮುಟ್ಟಿತು, ಶೂ ತುಂಬಿತು. ಆಗ ಕಿವಿ ಕೆಲಸಕ್ಕೆ ಬಂತು ನೋಡಿ. ಇಂಜಿನ್ ಗುಡುಗು ಒಂದೇ ಸಮ ಇದೆಯಾ ಅಂತ ಅದನ್ನಷ್ಟೇ ಕೇಳುತ್ತಾ, ಸ್ವಲ್ಪ ಇಳಿದರೆ ಬಲಗೈ ತಿರುಗಿಸುತ್ತಾ, ಆರ್‌ಎಕ್ಸ್ ದಿನಗಳ ಹಾಗೇ ಆ ಕಡೆ ತಲುಪಿದೆ. ಹುಡುಗ ಬ್ರೇಕ್ ಮೆತ್ತಗೆ ಒತ್ತಿ ಒತ್ತಿ ಒಣಗಿಸುವುದನ್ನು ತೋರಿಸಿ, ಕೈಯೆತ್ತಿ, ಎಚ್‌ಎಸ್‌ಆರ್ ಒಳಗೆ ತಿರುಗಿಕೊಂಡ. ಅವನ ಆರ್ಡರ್ ಆಗಲೇ ತಡವಾಗಿತ್ತು.

ಸಿಲ್ಕ್ ಬೋರ್ಡ್‌ನಿಂದ ರಾಗಿಗುಡ್ಡದವರೆಗೆ ನೀರು ನಿಂತಿರಲಿಲ್ಲ, ಬೇಗ ಬಂದೆ. ಮನೆ ಬಾಗಿಲಲ್ಲಿ ಶೂನಿಂದ ನೀರು ಸುರಿದಾಗ ಬೈಗುಳಕ್ಕೆ ತಯಾರಾಗಿದ್ದೆ. ಹೆಂಡತಿ ಟವೆಲ್ ಕೊಟ್ಟು, "ಏನ್ರೀ, ಭಾನುವಾರ ಗಾಂಧಿ ಬಜಾರ್‌ಗೆ ಇದ್ರಲ್ಲೇ ಹೋಗೋಣ್ವಾ? ಪಾರ್ಕಿಂಗ್ ಹುಡ್ಕೋದು ತಪ್ಪುತ್ತೆ" ಅಂದಳು. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು, ಕರ್ನಾಟಕದಲ್ಲಿ 2016ರಿಂದ ಆ ನಿಯಮ ಇದೆ. ಹಾಗಾಗಿ ಶನಿವಾರ ಜೆ.ಸಿ. ರೋಡಿಗೆ ಹೋಗಬೇಕು. ಅವಳಿಗೆ ಹಾಫ್ ಹೆಲ್ಮೆಟ್ ಸಾಕಂತೆ, ಫುಲ್ ಫೇಸ್ ಹಾಕಿದರೆ ಮುಡಿದ ಮಲ್ಲಿಗೆ ಹಾಳಾಗುತ್ತದಂತೆ. ಐಎಸ್‌ಐ ಗುರುತು, ಗಲ್ಲದ ಮೂಳೆ ಅಂತೆಲ್ಲ ಒಂದು ಭಾಷಣವನ್ನೇ ಮಾಡಿದೆ. ಗಾಂಧಿ ಬಜಾರಿಗೆ ತಲುಪಿದ ಮೇಲೆ ಹೂವು ಕೊಂಡು ಅಲ್ಲೇ ಮುಡಿಯಬಹುದಲ್ಲ ಅಂದೆ. "ವಾಪಸ್ ಬರೋವಾಗ?" ಅಂದಳು. ಅದಕ್ಕಿನ್ನೂ ಉತ್ತರ ಸಿಕ್ಕಿಲ್ಲ.