ಜಲ್ಲಿ ಅಂಟಿಸೋ ಮೊದಲು ಅಯಸ್ಕಾಂತ

ಮೀಟರ್ ಗೇಜ್ (ಎರಡು ಹಳಿಗಳ ನಡುವೆ 1000 ಮಿ.ಮೀ. ಅಂತರ) ಕಾಲದ ದಾವಣಗೆರೆ ಸ್ಟೇಷನ್ನನ್ನು ಪುಟ್ಟ ಮಾದರಿ ರೈಲಿಗಾಗಿ 1:87 ಅಳತೆಯಲ್ಲಿ ಮಾಡೋರು 16.5 ಮಿ.ಮೀ. ಅಂತರದ ಹಳಿ ತರಬೇಡಿ. 1000 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ; ಹತ್ತಿರದ್ದು 12 ಮಿ.ಮೀ. ಹಳಿ.

ಹಳಿ ನಡುವೆ ಹರಡೋ ಜಲ್ಲಿಗೆ ದುಡ್ಡು ಸುರಿಯೋದು ದಂಡ. ಕ್ರಷರ್ ಪುಡಿಯನ್ನು ಟೀ ಜಾಲರಿಯಲ್ಲಿ ಸೋಸಿ, ತೊಳೆದು ಒಣಗಿಸಿ, ಮೇಲೆ ಅಯಸ್ಕಾಂತ ಆಡಿಸಿ. ಚಿತ್ರದುರ್ಗದ ಕಡೆ ಕಬ್ಬಿಣದ ಅದಿರಿನ ನೆಲ. ಆ ಕಣ ಮೋಟಾರಿಗೆ ಅಂಟಿದರೆ ಎಂಜಿನ್ ಕಥೆ ಮುಗೀತು. ಆಮೇಲೆ ಜಲ್ಲಿ ಹರಡಿ, ಅದರ ಮೇಲೆ ಹಾಕೋ ಅಂಟಿಗೆ ಫೆವಿಕಾಲ್ ಒಂದು ಪಾಲು, ನೀರು ಒಂದು ಪಾಲು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ. ಹನಿ ಮರೆತರೆ ಅಂಟು ಕೆಳಗಿಳಿಯದೆ ಮೇಲೇ ಗುಂಡಾಗಿ ನಿಲ್ಲುತ್ತೆ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸೋ ಪಾಯಿಂಟ್ಸ್ ಅಲುಗೋ ಜಾಗಕ್ಕೆ ಮಾತ್ರ ಹಾಕಲೇಬೇಡಿ.

ಹಳಿ ಕೂಡೋ ಕಡೆ ಅರ್ಧ ಮಿ.ಮೀ. ಸಂದು ಇರಲಿ. ಏಪ್ರಿಲ್‌ನಲ್ಲಿ ಶೀಟಿನ ಕೋಣೆಯೊಳಗೆ ಹಳಿ ಹಿಗ್ಗಿ ಸೊಟ್ಟಗಾಗುತ್ತೆ. ನಿಜವಾದ ಉಗಿ ಎಂಜಿನ್ನಿಗೂ ಇದೇ ಲೆಕ್ಕ ಅಲ್ವಾ? ತಣ್ಣನೆ ಬಾಯ್ಲರಿಗೆ ಒಮ್ಮೆಲೇ ಬೆಂಕಿ ಏರಿಸಿದರೆ ಫೈರ್‌ಬಾಕ್ಸು, ಕೊಳವೆ ಒಂದೇ ಸಮ ಹಿಗ್ಗದೆ ಸೋರೋಕೆ ಶುರು. ಹಳೇ ಎಂಜಿನ್ ಉಳಿಸಿಕೊಂಡಿರೋ ರೈಲ್ವೆಗಳಲ್ಲಿ ಸ್ವಯಂಸೇವಕರು ಬೆಳಕು ಹರಿಯೋ ಮೊದಲೇ ಬೆಂಕಿ ಹಾಕೋದು ಅದಕ್ಕೇ.

ಮಂಡಕ್ಕಿ ಭಟ್ಟಿ ಹತ್ತಿರದವರು ಹಳಿಯನ್ನು ಆಗಾಗ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಉಪ್ಪುಕಾಗದ ಬೇಡ, ಗೀರಿನಲ್ಲೇ ಮಸಿ ಕೂರುತ್ತೆ.